ಮಣಿಕಟ್ಟಿನ ಗಂಟೆ

“ಒಲೆಯ ಮೇಲೆ ಹಾಲಿಟ್ಟರೆ ಹಾಲನ್ನು ಮರೆಯುವಳು, ಸಂತೆಗೆ ಹೋದರೆ ಚೀಲವನ್ನು ಮರೆಯುವಳು, ಇವಳಿಗೆ ಬುದ್ಧಿ ಬರುವುದು ಯಾವಾಗ?” ಎಂಬ ದೂರು ನಮ್ಮ ಮನೆಗಳಲ್ಲಿ ಹೊಸದಲ್ಲ. ಇಂತಹ ಮಕ್ಕಳು ಹಿಂದೆಯೂ ಇದ್ದರು, ಈಗಲೂ ಇರುವರು. ಸೋಮಾರಿ, ಮೈಗಳ್ಳ, ಹೊಣೆಯರಿಯದವನು ಎಂದು ಅವರಿಗೆ ಹೆಸರಿಟ್ಟು, ಬೈದು, ಕೆಲವು ವೇಳೆ ಹೊಡೆದು, ಕಡೆಗೆ ಕೈಚೆಲ್ಲಿ ಕುಳಿತುಕೊಳ್ಳುವುದೇ ನಮ್ಮ ರೂಢಿಯಾಗಿದೆ. ಹೀಗೆ ಬೈಸಿಕೊಂಡವರೆಲ್ಲರೂ ನಿಜವಾಗಿ ಸೋಮಾರಿಗಳೇ ಎಂಬ ಪ್ರಶ್ನೆಯನ್ನು ನಾವೂ ಬಹುಕಾಲ ಕೇಳಿಕೊಂಡಿರಲಿಲ್ಲ. ಹಾರೋಹಳ್ಳಿಯ ಮಗ್ಗುಲ ಹಳ್ಳಿಯೊಂದರಲ್ಲಿ ನಮ್ಮ ಬಂಧುಗಳ ಮನೆಯುಂಟು. ಅಲ್ಲಿ ಈಚೆಗೆ ನಡೆದ ಸಂಗತಿಯು ನಮ್ಮಿಂದ ಆ ಪ್ರಶ್ನೆಯನ್ನು ಕೇಳಿಸಿತು. ಆ ಮನೆಯವರ ಒಪ್ಪಿಗೆಯನ್ನು ಪಡೆದು, ಹೆಸರುಗಳನ್ನು ಮಾತ್ರ ಬಿಟ್ಟು, ಅದನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ. ಮನೆವಾರ್ತೆಯನ್ನು ನಡೆಸುವವರಿಗೆ ಇದು ಒಂದಲ್ಲ ಒಂದು ದಿನ ಉಪಯೋಗಕ್ಕೆ ಬಂದೀತೆಂದು ನಮ್ಮ ನಂಬಿಕೆ.

ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಹಾರೋಹಳ್ಳಿಯು ಸಿಕ್ಕುತ್ತದೆ. ಬಹುಕಾಲ ಕನಕಪುರ ತಾಲ್ಲೂಕಿನ ಒಂದು ಹೋಬಳಿಯಾಗಿದ್ದ ಈ ಊರು ಈಗ ತಾನೇ ಒಂದು ತಾಲ್ಲೂಕಿನ ಮುಖ್ಯಸ್ಥಳವಾಗಿದೆ. ೨೦೦೭ರಲ್ಲಿ ಏರ್ಪಟ್ಟ ರಾಮನಗರ ಜಿಲ್ಲೆಗೆ ಈ ಸೀಮೆಯು ಸೇರಿತು; ಆ ಜಿಲ್ಲೆಗೆ ೨೦೨೫ರಲ್ಲಿ ಸರ್ಕಾರವು ಬೆಂಗಳೂರು ದಕ್ಷಿಣ ಎಂಬ ಹೆಸರನ್ನಿಟ್ಟಿತು. ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ಹಿತ್ತಿಲಲ್ಲಿ ಒಂದೆರಡು ಹಸು, ಇದು ಇಲ್ಲಿಯ ಹಳೆಯ ಬಾಳು. ಏಷ್ಯ ಖಂಡದಲ್ಲಿಯೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆಯು ರಾಮನಗರದಲ್ಲಿದೆ. ಈಚಿನ ವರ್ಷಗಳಲ್ಲಿ ಹಾರೋಹಳ್ಳಿಯ ಸುತ್ತ ದೊಡ್ಡ ಕೈಗಾರಿಕಾ ಪ್ರದೇಶವೊಂದು ಎದ್ದಿದೆ. ತೋಟಕ್ಕೆ ಹೋಗುತ್ತಿದ್ದ ಮನೆಗಳ ಮಕ್ಕಳು ಈಗ ಕಾರಖಾನೆಗೆ ಹೋಗುವರು.

ನಾವು ಹೇಳುವ ಮನೆಯ ಗೃಹಿಣಿಯು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ರೇಷ್ಮೆಹುಳುವನ್ನು ಸಾಕಿದವರು. ಹುಳುವಿನ ಮನೆಯಲ್ಲಿ ಹೊತ್ತಿನ ಕಟ್ಟು ಎಷ್ಟು ಬಿಗಿಯಾದದ್ದೆಂಬುದು ಸಾಕಿದವರಿಗೇ ಗೊತ್ತು. ಮೊಟ್ಟೆಯೊಡೆದ ಹುಳುವು ಸುಮಾರು ೨೫ ದಿನಗಳಲ್ಲಿ ನಾಲ್ಕು ಜ್ವರಗಳನ್ನು ಕಳೆದು, ಐದನೆಯ ಹಂತದಲ್ಲಿ ಹಣ್ಣಾಗಿ ಚಂದ್ರಿಕೆಯನ್ನೇರುವುದು. ಜ್ವರಕ್ಕೆ ಕುಳಿತ ಹೊತ್ತನ್ನು ಬಿಟ್ಟರೆ ಉಳಿದ ದಿನಗಳಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಗೊತ್ತಾದ ವೇಳೆಗೆ ಸೊಪ್ಪು ಬೀಳಲೇಬೇಕು. ಹುಳುವು ತಿನ್ನುವ ಸೊಪ್ಪಿನ ಬಹುಪಾಲು ಕಡೆಯ ಹಂತದಲ್ಲಿಯೇ ತೀರುವುದು. ಆಗ ಸಾವಿರಾರು ಹುಳುಗಳು ಎಲೆಯನ್ನು ಮೇಯುವ ಸದ್ದು ಮಳೆ ಹನಿದಂತೆ ಕೇಳುವುದು. ಸದ್ದು ನಿಂತಿತೆಂದರೆ ಸೊಪ್ಪು ಮುಗಿಯಿತೆಂದೇ ಅರ್ಥ. ಆ ತಾಯಿಯು ಬೆಳಿಗ್ಗೆ ಐದಕ್ಕೆ, ಹಗಲು ಹನ್ನೊಂದಕ್ಕೆ, ಸಂಜೆ ಐದಕ್ಕೆ, ರಾತ್ರಿ ಹತ್ತಕ್ಕೆ ಸೊಪ್ಪು ಹಾಕುತ್ತಿದ್ದರು. ಎರಡು ಹೊತ್ತು ಹಸುವನ್ನು ಕರೆದು ಹಾಲಿನ ಸಹಕಾರ ಸಂಘಕ್ಕೆ ಕೊಂಡೊಯ್ಯುವುದು ಬೇರೆ. ಅಲ್ಲಿ ಹಾಲನ್ನು ಅಳೆದುಕೊಳ್ಳುವವನು ಯಾರಿಗಾಗಿಯೂ ಕಾಯುವವನಲ್ಲ. ಆ ಮನೆಯ ಗೋಡೆಯ ಗಡಿಯಾರವು ನಿಂತುಹೋಗಿ ವರ್ಷಗಳಾಗಿದ್ದರೂ ಯಾವ ಕೆಲಸವೂ ನಿಂತಿರಲಿಲ್ಲ.

ಆ ಬಳಿಕ ಜಮೀನಿನ ಬಹುಭಾಗವು ಕೈಬಿಟ್ಟಿತು. ತೋಟವಿಲ್ಲದ ಮೇಲೆ ಹುಳುವೆಲ್ಲಿ? ಹಸುಗಳನ್ನೂ ಮಾರಿದರು. ಕೈಗೆ ಹಣ ಬಂದಿತು, ಮನೆಯು ಹೊಸದಾಯಿತು, ಅಡಿಗೆಮನೆಗೆ ಗ್ಯಾಸಿನ ಒಲೆ ಬಂದಿತು. ಆದರೆ ಬಂಧುಗಳೆಲ್ಲರೂ ಗಮನಿಸುವಂತೆ ಮನೆಯ ಕಟ್ಟು ಸಡಿಲವಾಯಿತು. ಊಟಕ್ಕೆ ಹೊತ್ತಿಲ್ಲ, ಮಲಗುವುದಕ್ಕೆ ಹೊತ್ತಿಲ್ಲ; ತಾಯಿಯು ಒಂದು ಕೆಲಸವನ್ನು ಹಿಡಿದು ಅದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವರು. ವಯಸ್ಸಾಯಿತೆಂದು ಯಜಮಾನರು ಸುಮ್ಮನಾದರು.

ಹಿರಿಯ ಮಗಳ ವಿಷಯದಲ್ಲಿ ಹಾಗೆ ಸುಮ್ಮನಿರಲಾಗಲಿಲ್ಲ. ಆಕೆಗೆ ಈಗ ೨೨ ವರ್ಷ. ಶಾಲೆಯಲ್ಲಿ ಗಲಾಟೆ ಮಾಡಿದವಳಲ್ಲ. ಕಿಟಕಿಯ ಹೊರಗೆ ನೋಡುತ್ತ ಕುಳಿತಿರುವವಳೆಂದು ಉಪಾಧ್ಯಾಯರು ಹೇಳುತ್ತಿದ್ದರು. ಪರೀಕ್ಷೆಯ ಹಿಂದಿನ ರಾತ್ರಿಯೆಲ್ಲ ಓದಿ ಹೇಗೋ ತೇರ್ಗಡೆಯಾಗುತ್ತಿದ್ದಳು. ಡಿಪ್ಲೊಮಾ ಮುಗಿಸಿ ಕಾರಖಾನೆಯೊಂದಕ್ಕೆ ಸೇರಿದಳು. ಕೈಕೆಲಸದಲ್ಲಿ ಜಾಣೆಯೆಂದು ಮೇಲಿನವರು ಮೆಚ್ಚಿದರು. ಕಾರಖಾನೆಯ ಬಸ್ಸು ಬೆಳಿಗ್ಗೆ ೬ ಗಂಟೆ ೨೦ ನಿಮಿಷಕ್ಕೆ ಬರುವುದು. ವಾರದಲ್ಲಿ ಎರಡು ದಿನವಾದರೂ ಆಕೆಗೆ ಬಸ್ಸು ತಪ್ಪುವುದು. ಎಚ್ಚರವಾಗಲಿಲ್ಲವೆಂದಲ್ಲ, ಐದಕ್ಕೇ ಎದ್ದು, ತಲೆ ಬಾಚುತ್ತ ಬಾಚುತ್ತ ಯಾವುದೋ ಯೋಚನೆಗೆ ಬಿದ್ದು, ಕಣ್ಣು ತೆರೆದು ನೋಡುವುದರೊಳಗೆ ಆರೂವರೆಯಾಗಿರುವುದು. ಎರಡು ಸಲ ಎಚ್ಚರಿಕೆಯ ಪತ್ರವು ಬಂದಿತು. ಮೂರನೆಯದು ಬಂದರೆ ಕೆಲಸವು ಹೋಗುವುದೆಂದು ತಿಳಿಸಿದರು. ತಂದೆಯ ಸಾಲದ ಕಂತು ಆಕೆಯ ಸಂಬಳದಿಂದ ಸಲ್ಲುತ್ತಿದ್ದಿತು. ಇದರ ನಡುವೆ ಒಂದು ರಾತ್ರಿ ಹಾಲು ಕಾಯಿಸಲು ಒಲೆ ಹಚ್ಚಿ ಮರೆತು ಮಲಗಿದಳು. ಹೊಗೆಯ ವಾಸನೆಗೆ ತಮ್ಮನು ಎದ್ದು ಬರುವ ಹೊತ್ತಿಗೆ ಪಾತ್ರೆಯು ಕೆಂಪಗೆ ಕಾದು, ಮಗ್ಗುಲಿನ ಬಟ್ಟೆಯು ಕಮರುತ್ತಿದ್ದಿತು. ಆ ರಾತ್ರಿ ತಂದೆಯು ಆಡಬಾರದ ಮಾತುಗಳನ್ನಾಡಿದರು. ಹುಡುಗಿಯು ಹೇಳಿದುದು ಇಷ್ಟೇ: “ನಾನು ಬೇಕೆಂದು ಮಾಡುವುದಿಲ್ಲ. ಹೊತ್ತು ಹೇಗೆ ಹೋಗುತ್ತದೆಂದು ನನಗೆ ಗೊತ್ತಾಗುವುದಿಲ್ಲ.”

ಈ ಎರಡನೆಯ ಮಾತೇ ರೋಗದ ಲಕ್ಷಣವೆಂದು ಆಗ ನಮಗಾರಿಗೂ ತಿಳಿಯಲಿಲ್ಲ. ಗೆಳತಿಯೊಬ್ಬಳ ಸಲಹೆಯಂತೆ ಆಕೆಯನ್ನು ಬೆಂಗಳೂರಿನ ಮನೋವೈದ್ಯರೊಬ್ಬರ ಬಳಿಗೆ ಕರೆದುಕೊಂಡು ಹೋದೆವು. ಅವರು ಒಂದು ಗಂಟೆಗೂ ಹೆಚ್ಚು ಕಾಲ ವಿಚಾರಿಸಿದರು. ಹನ್ನೆರಡು ವಯಸ್ಸಿಗೆ ಮುಂಚೆ ಹೇಗಿದ್ದಳು, ಶಾಲೆಯಲ್ಲಿ ಹೇಗೆ, ಮನೆಯಲ್ಲಿ ಹೇಗೆ ಎಂದು ತಾಯಿಯನ್ನು ಬೇರೆಯಾಗಿ ಕೇಳಿದರು. ಹಳೆಯ ಶಾಲಾಪತ್ರಗಳನ್ನು ತರಿಸಿ ನೋಡಿದರು. ನಿದ್ರೆಯ ಕೊರತೆ, ಥೈರಾಯ್ಡಿನ ತೊಂದರೆ, ಮನೋವ್ಯಥೆ ಇವುಗಳಿಂದಲೂ ಇಂತಹ ಮರೆವು ಬರಬಹುದಾದ್ದರಿಂದ ಅವುಗಳನ್ನೂ ಪರೀಕ್ಷಿಸಿದರು. ಕಡೆಗೆ ಇದು ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಯೆಂದೂ, ವೈದ್ಯರು ಇದನ್ನು ಎ.ಡಿ.ಎಚ್.ಡಿ. ಎಂದು ಕರೆಯುವರೆಂದೂ ತಿಳಿಸಿದರು.

ಹೆಸರು ಹೊಸದಾದರೂ ತೊಂದರೆಯು ಹೊಸದಲ್ಲ. ಅಲೆಗ್ಸಾಂಡರ್ ಕ್ರೈಟನ್ ಎಂಬ ಸ್ಕಾಟ್ಲೆಂಡಿನ ವೈದ್ಯರು ೧೭೯೮ರಷ್ಟು ಹಿಂದೆಯೇ, ಯಾವುದರಲ್ಲಿಯೂ ಗಮನವನ್ನು ನಿಲ್ಲಿಸಲಾರದವರ ವಿಷಯವಾಗಿ ಬರೆದಿದ್ದರು. ೧೯೦೨ರಲ್ಲಿ ಲಂಡನ್ನಿನ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಅಲ್ಲಿಯ ರಾಯಲ್ ವೈದ್ಯ ಕಾಲೇಜಿನಲ್ಲಿ ಇಂತಹ ಮಕ್ಕಳನ್ನು ಕುರಿತು ಉಪನ್ಯಾಸಗಳನ್ನು ಮಾಡಿದರು. ಆದರೆ ಅವರೂ ಇದನ್ನು ನೈತಿಕ ಹತೋಟಿಯ ದೋಷವೆಂದೇ ಬಗೆದರು. ೧೯೩೭ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು ಉತ್ತೇಜಕವಾದ ಒಂದು ಔಷಧವನ್ನು ಕೊಟ್ಟಾಗ ಚಂಚಲರಾದ ಮಕ್ಕಳು ಪಾಠದಲ್ಲಿ ನೆಲೆನಿಂತುದನ್ನು ಕಂಡರು. ನೀತಿಯ ದೋಷವಾಗಿದ್ದರೆ ಗುಳಿಗೆಯಿಂದ ತಿದ್ದುವುದೆಂತು? ಈಗಿನ ಹೆಸರು ಅಮೆರಿಕದ ಮನೋವೈದ್ಯ ಸಂಘದ ಪುಸ್ತಕದಲ್ಲಿ ೧೯೮೭ರಲ್ಲಿ ಬಂದಿತು. ಲೋಕದ ನಾನಾ ದೇಶಗಳ ಲೆಕ್ಕಗಳನ್ನು ಒಟ್ಟುಗೂಡಿಸಿ ನೋಡಿದವರು ಮಕ್ಕಳಲ್ಲಿ ನೂರಕ್ಕೆ ಸುಮಾರು ೫ ಮಂದಿಗೆ ಈ ತೊಂದರೆಯುಂಟೆಂದು ಹೇಳುವರು. ದೊಡ್ಡವರಾದ ಮೇಲೂ ಅನೇಕರಲ್ಲಿ ಅದು ಉಳಿದುಕೊಳ್ಳುವುದು. ಗಂಡುಮಕ್ಕಳು ಕುಣಿದಾಡುವುದರಿಂದ ಬೇಗ ಕಣ್ಣಿಗೆ ಬೀಳುವರು. ಹೆಣ್ಣುಮಕ್ಕಳಲ್ಲಿ ಅದು ಹೆಚ್ಚಾಗಿ ಮೈಮರೆವಿನ ರೂಪದಲ್ಲಿರುವುದರಿಂದ ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಹೋಗುವುದು.

ಈ ತೊಂದರೆಯ ಒಂದು ಮುಖ್ಯವಾದ ಅಂಗವು ಹೊತ್ತಿಗೆ ಸಂಬಂಧಿಸಿದ್ದು. ಇತರರಿಗೆ ಹತ್ತು ನಿಮಿಷ ಕಳೆಯಿತೆಂಬ ಅರಿವು ಒಳಗಿನಿಂದಲೇ ತೋರುವುದು; ಇವರಿಗೆ ಆ ಅರಿವು ಮಂದ. ಇವರ ಪಾಲಿಗೆ ಹೊತ್ತು ಎರಡೇ ಬಗೆ: “ಈಗ” ಎಂಬುದೊಂದು, “ಈಗಲ್ಲ” ಎಂಬುದೊಂದು. ರಸೆಲ್ ಬಾರ್ಕ್ಲಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನು ಒಂದು ಬಗೆಯ ಕಾಲಾಂಧತೆಯೆಂದು ವರ್ಣಿಸಿರುವರು. ಕಣ್ಣು ಮಂದವಾದವನಿಗೆ “ಚೆನ್ನಾಗಿ ನೋಡು” ಎಂದು ಗದರಿಸಿದರೆ ಕಾಣುವುದೇ? ಅವನಿಗೆ ಬೇಕಾದುದು ಕನ್ನಡಕ. ಹಾಗೆಯೇ ಒಳಗಿನ ಗಂಟೆಯು ಮಂದವಾದವರಿಗೆ ಹೊರಗೆ ಒಂದು ಗಂಟೆ ಬೇಕು.

ವೈದ್ಯರು ಇದನ್ನು ವಿವರಿಸುತ್ತ, ಈ ತೊಂದರೆಯು ವಂಶದಲ್ಲಿ ಹರಿದುಬರುವುದು ಬಹಳವೆಂದೂ, ತಂದೆತಾಯಿಗಳಲ್ಲೊಬ್ಬರಿಗೆ ಇದ್ದರೂ ಇರಬಹುದೆಂದೂ ಹೇಳಿದರು. ಆಗ ತಾಯಿಯು ನಕ್ಕು ಮೆಲ್ಲಗೆ ಹೇಳಿದ ಮಾತನ್ನು ನಾವು ಮರೆಯಲಾರೆವು: “ನನಗೆ ಹುಳುಗಳಿದ್ದವು.”

ವಾಚಕರು ಈ ಮಾತನ್ನು ಕೊಂಚ ಯೋಚಿಸಬೇಕು. ಆಕೆಯ ಇಪ್ಪತ್ತು ವರ್ಷದ ಶಿಸ್ತು ಆಕೆಯ ಒಳಗಿನದಾಗಿರಲಿಲ್ಲ. ಅದು ಹುಳುವಿನ ಹಸಿವಿನಲ್ಲಿ, ಹಸುವಿನ ಕೆಚ್ಚಲಿನಲ್ಲಿ, ಡೈರಿಯ ಅಳತೆಯ ವೇಳೆಯಲ್ಲಿ ಇದ್ದಿತು. ನಮ್ಮ ಹಳ್ಳಿಯ ಬಾಳೆಲ್ಲವೂ ಇಂತಹ ಹೊರಗಿನ ಗಂಟೆಗಳಿಂದಲೇ ನಡೆಯುತ್ತಿದ್ದಿತು. ಗುಡಿಯ ಜಾಗಟೆ, ಮಸೀದಿಯ ಬಾಂಗು, ಮಿಲ್ಲಿನ ಕೂಗು, ಬೆಳಗಿನ ಬಸ್ಸಿನ ಹಾರನ್ನು, ನೆರೆಮನೆಯವಳು ನೀರಿಗೆ ಹೊರಡುವ ಹೊತ್ತು, ಇವುಗಳ ನಡುವೆ ಮರೆವಿನವನೂ ಮರೆಯದೆ ಬಾಳಬಹುದಾಗಿದ್ದಿತು. ಆ ಗಂಟೆಗಳು ಒಂದೊಂದಾಗಿ ನಿಂತುಹೋದವು. ಮನುಷ್ಯನು ತನ್ನ ತಲೆಯೊಳಗಿನ ಗಂಟೆಯನ್ನೇ ನಂಬಬೇಕಾಯಿತು. ಅದು ಸರಿಯಿಲ್ಲದವರು ಆಗ ಬಯಲಿಗೆ ಬಿದ್ದರು. ಕೈಗಡಿಯಾರವನ್ನು ಕುರಿತು ನಾವು ಬರೆಯುವುದಕ್ಕೆ ಇದೇ ಕಾರಣ. ಹಿತ್ತಿಲಿನಿಂದ ಹೋದ ಗಂಟೆಯನ್ನು ಮಣಿಕಟ್ಟಿಗೆ ತರುವುದಷ್ಟೇ ಅದು ಮಾಡಬಲ್ಲ ಉಪಕಾರ. ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯೂ ಅಲ್ಲ.

ಕೈಗಡಿಯಾರದ ವಿಷಯದಲ್ಲಿ ನಮ್ಮ ನಾಡಿಗೆ ಒಂದು ಅಭಿಮಾನದ ಚರಿತ್ರೆಯುಂಟು. ೧೯೬೧ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಎಚ್.ಎಂ.ಟಿ. ಕಾರಖಾನೆಯು ಬೆಂಗಳೂರಿನಲ್ಲಿ ಕೈಗಡಿಯಾರಗಳನ್ನು ಮಾಡತೊಡಗಿತು. ಮದುವೆಯಲ್ಲಿ ಅಳಿಯನಿಗೆ, ಪರೀಕ್ಷೆಯಲ್ಲಿ ಗೆದ್ದ ಮಗನಿಗೆ ಅದನ್ನು ಕೊಟ್ಟ ಮನೆಗಳೆಷ್ಟೋ. ಹಾರೋಹಳ್ಳಿಗೆ ಮೂಡಲಲ್ಲಿ, ಆನೇಕಲ್ಲಿನಾಚೆ, ಹೊಸೂರಿನಲ್ಲಿ ಟೈಟನ್ ಕಂಪನಿಯು ತನ್ನ ಕಾರಖಾನೆಯನ್ನು ನಡೆಸುತ್ತಿದೆ. ಆದರೆ ಆ ಹಳೆಯ ಗಡಿಯಾರಗಳಲ್ಲಿ ಹೆಚ್ಚಿನವು ನಾವಾಗಿ ನೋಡಿದರೆ ಮಾತ್ರ ಹೊತ್ತನ್ನು ಹೇಳುವುವು; ನೋಡಬೇಕೆಂಬುದನ್ನೇ ಮರೆಯುವವರಿಗೆ ಅವುಗಳಿಂದ ಪ್ರಯೋಜನ ಸ್ವಲ್ಪ. ತಾನಾಗಿ ಕರೆಯುವ ಕೈಗಡಿಯಾರವನ್ನು ಸ್ವಿಟ್ಜರ್ಲೆಂಡಿನ ವಲ್ಕೇನ್ ಕಂಪನಿಯು ೧೯೪೭ರಲ್ಲಿ ಹೊರತಂದಿತು. ಅದು ಜೀರುಂಡೆಯಂತೆ ಕೂಗುತ್ತಿದ್ದುದರಿಂದ ಕ್ರಿಕೆಟ್ ಎಂದೇ ಅದಕ್ಕೆ ಹೆಸರಾಯಿತು.

ಇಂದಿನ ಸ್ಮಾರ್ಟ್ ವಾಚು ಕೂಗುವುದಕ್ಕೆ ಬದಲು ನಡುಗಬಲ್ಲದು. ಅದರೊಳಗೆ ಒಂದು ಪುಟ್ಟ ಮೋಟಾರಿದ್ದು, ಅದು ಒಂದು ಚಿಕ್ಕ ತೂಕವನ್ನು ಆಡಿಸುವುದರಿಂದ ಮಣಿಕಟ್ಟಿನ ಮೇಲೆ ಯಾರೋ ಬೆರಳಿನಿಂದ ತಟ್ಟಿದಂತಾಗುವುದು. ಇದು ಸಣ್ಣ ಲಾಭವಲ್ಲ. ಕಾರಖಾನೆಯ ಗದ್ದಲದಲ್ಲಿ ಕೇಳಿಸದ ಗಂಟೆಯು ಚರ್ಮಕ್ಕೆ ತಿಳಿಯುವುದು. ನಾಲ್ಕು ಜನರ ನಡುವೆ ಕೂಗಿ ಮಾನ ಕಳೆಯುವುದಿಲ್ಲ. ಮೊಬೈಲನ್ನು ಇನ್ನೊಂದು ಕೋಣೆಯಲ್ಲಿ ಬಿಟ್ಟು ಬರಬಹುದು. ಮಣಿಕಟ್ಟನ್ನು ಬಿಟ್ಟು ಬರಲಾಗದು. ಅಷ್ಟೇ ಅಲ್ಲದೆ, ಹೊತ್ತು ನೋಡಲು ಮೊಬೈಲನ್ನು ತೆರೆದವನು ಅದರಲ್ಲಿಯೇ ಮುಳುಗಿ ಅರ್ಧ ಗಂಟೆಯಾದ ಮೇಲೆ ತಲೆಯೆತ್ತುವ ಅಪಾಯವೂ ಇಲ್ಲಿ ಕಡಿಮೆ.

ಹೀಗೆಂದು ನಾವು ಒಂದು ವಾಚನ್ನು ಕೊಂಡುಕೊಟ್ಟೆವು. ಕೊಟ್ಟ ಮೊದಲ ತಿಂಗಳು ಅದು ಕೆಡಿಸಿತೇ ಹೊರತು ಸರಿಪಡಿಸಲಿಲ್ಲ. ಅದರ ಕಾರಣವನ್ನು ಹೇಳುವುದು ಅವಶ್ಯಕ. ಉತ್ಸಾಹದಲ್ಲಿ ಹುಡುಗಿಯು ದಿನಕ್ಕೆ ೧೮ ಗಂಟೆಗಳನ್ನು ಇಟ್ಟಳು: ಏಳುವುದಕ್ಕೊಂದು, ಹಲ್ಲುಜ್ಜುವುದಕ್ಕೊಂದು, ನೀರು ಕುಡಿಯುವುದಕ್ಕೊಂದು, ಹೀಗೆ. ಸಾಲದುದಕ್ಕೆ ಮೊಬೈಲಿಗೆ ಬಂದ ಪ್ರತಿಯೊಂದು ಸಂದೇಶಕ್ಕೂ ವಾಚು ನಡುಗುವುದು. ನಾಲ್ಕು ದಿನ ಎಲ್ಲದಕ್ಕೂ ಎಚ್ಚೆತ್ತಳು. ಐದನೆಯ ದಿನದಿಂದ ಕೈ ತಾನಾಗಿ ಹೋಗಿ ಗಂಟೆಯನ್ನು ಆರಿಸತೊಡಗಿತು, ಮನಸ್ಸಿಗೆ ತಿಳಿಯಲೇ ಇಲ್ಲ. ದಿನವಿಡೀ ಕೂಗುವ ಕಾಗೆಗೆ ಯಾರು ಕಿವಿಗೊಡುವರು? ಮೇಲಾಗಿ ತಂದೆಯು “ವಾಚು ಬೇರೆ ಕೇಡು! ಅದು ನಡುಗಿದರೂ ನೀನು ನಡುಗುವುದಿಲ್ಲ” ಎಂದು ಹಂಗಿಸುವರು. ಬೈಗುಳಕ್ಕೆ ಇನ್ನೊಂದು ಬಾಯಿ ಸೇರಿದಂತಾಯಿತು. ಒಂದು ದಿನ ಚಾರ್ಜು ಮಾಡಲು ಬಿಚ್ಚಿಟ್ಟವಳು ಅದನ್ನು ಮತ್ತೆ ಕಟ್ಟಿಕೊಳ್ಳಲಿಲ್ಲ. ಆ ವಾರವೇ ಬಸ್ಸು ಎರಡು ಸಲ ತಪ್ಪಿತು.

ಆಗ ವೈದ್ಯರೂ, ಅವರ ಜೊತೆಯ ಮನಶ್ಶಾಸ್ತ್ರಜ್ಞೆಯೂ ನಮ್ಮೆಲ್ಲರನ್ನೂ ಕೂರಿಸಿಕೊಂಡು ಹೊಸದಾಗಿ ಏರ್ಪಾಡು ಮಾಡಿಸಿದರು. “ಹುಳುವಿನ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಸೊಪ್ಪು?” ಎಂದು ಅವರು ತಾಯಿಯನ್ನು ಕೇಳಿದರು. “ನಾಲ್ಕು” ಎಂದರು ತಾಯಿ. “ಹಾಗಾದರೆ ಇಲ್ಲಿ ಐದು, ಅದಕ್ಕಿಂತ ಹೆಚ್ಚು ಬೇಡ” ಎಂದರು. ಉಳಿದ ೧೩ನ್ನು ಅಳಿಸಿದರು. ಸಂದೇಶಗಳು ವಾಚಿಗೆ ಬಾರದಂತೆ ನಿಲ್ಲಿಸಿದರು. ಉಳಿದ ಐದು ಹೀಗಿವೆ.

ಮೊದಲನೆಯದು ಬೆಳಿಗ್ಗೆ ೫ ಗಂಟೆಗೆ, ಏಳುವುದಕ್ಕೆ. ಎರಡನೆಯದು ೫ ಗಂಟೆ ೪೦ ನಿಮಿಷಕ್ಕೆ. ತಿಂಡಿ ತಿಂದು ಗುಳಿಗೆಯನ್ನು ನುಂಗುವುದಕ್ಕೆ. ವೈದ್ಯರು ಆಕೆಗೆ ಮಿಥೈಲ್‌ಫೆನಿಡೇಟ್ ಎಂಬ ಔಷಧವನ್ನು ಕೊಟ್ಟಿದ್ದರು. ಮರೆವಿಗೆಂದು ಕೊಟ್ಟ ಔಷಧವನ್ನೇ ಮರೆಯುವುದು ಈ ತೊಂದರೆಯಲ್ಲಿ ಸಾಮಾನ್ಯವಾದ ಗೋಳು. ಮೂರನೆಯದು ೬ ಗಂಟೆ ೫ ನಿಮಿಷಕ್ಕೆ. ಇದು ಬಸ್ಸಿನ ವೇಳೆಗಲ್ಲ, ಹೊರಡುವ ವೇಳೆಗೆ; ಮನೆಯಿಂದ ನಿಲ್ದಾಣಕ್ಕೆ ಹತ್ತು ನಿಮಿಷದ ನಡಿಗೆ. ಮೊದಲು ಇದಕ್ಕೆ “ಬಸ್ಸು” ಎಂದು ಬರೆದುಕೊಂಡಿದ್ದಳು. ಈಗ “ಚಪ್ಪಲಿ ಮೆಟ್ಟು” ಎಂದು ಬರೆದುಕೊಂಡಿದ್ದಾಳೆ. ಬಸ್ಸು ಎಂಬುದು ಯೋಚನೆ, ಚಪ್ಪಲಿ ಮೆಟ್ಟುವುದು ಕೆಲಸ. ಕಾಲಿಗೆ ಚಪ್ಪಲಿ ಬಿದ್ದ ಮೇಲೆ ಮನುಷ್ಯನು ತಾನಾಗಿ ಹೊರಗೆ ನಡೆಯುವನು. ನಾಲ್ಕನೆಯದು ಸಂಜೆ ೭ಕ್ಕೆ. ಬುತ್ತಿಯ ಡಬ್ಬಿಯನ್ನು ತೊಳೆದು, ನಾಳೆಯ ಚೀಲವನ್ನು ಕಟ್ಟಿ, ಬಾಗಿಲ ಗೂಟಕ್ಕೆ ತಗುಲಿಸುವುದಕ್ಕೆ. ಐದನೆಯದು ರಾತ್ರಿ ೧೦ಕ್ಕೆ. ಒಲೆಯನ್ನೂ ಸಿಲಿಂಡರನ್ನೂ ಮುಟ್ಟಿ ನೋಡಿ, ದೀಪವಾರಿಸಿ ಮಲಗುವುದಕ್ಕೆ. ಹತ್ತು ಗಂಟೆಯನ್ನು ಆರಿಸಿದವರು ತಾಯಿ. ಅದು ಹುಳುವಿಗೆ ಕಡೆಯ ಸೊಪ್ಪು ಬೀಳುತ್ತಿದ್ದ ಹೊತ್ತು.

ಇದಲ್ಲದೆ ಗಡಿಯಾರದ ವೇಳೆಗೆ ಸೇರದ ಕಟ್ಟಳೆಗಳು ಎರಡು. ಒಲೆಯ ಗುಂಡಿಯನ್ನು ತಿರುಗಿಸಿದ ಕೈಯೇ ವಾಚಿನಲ್ಲಿ ಹತ್ತು ನಿಮಿಷದ ಎಣಿಕೆಯನ್ನು ಶುರುಮಾಡಬೇಕು. ಒಲೆ ಹಚ್ಚುವುದೂ ಎಣಿಕೆ ಹಚ್ಚುವುದೂ ಒಂದೇ ಕೆಲಸ. ಎರಡನೆಯದು, ಸ್ನಾನಕ್ಕೆ ಹೋಗುವಾಗ ವಾಚನ್ನು ಬಚ್ಚಲ ಬಾಗಿಲ ಬಳಿಯ ಮೊಳೆಗೆ ಸಿಕ್ಕಿಸಿ ಚಾರ್ಜಿಗೆ ಹಾಕುವುದು, ಬರುವಾಗ ಕಟ್ಟಿಕೊಳ್ಳುವುದು. ಚಾರ್ಜು ಮುಗಿದ ವಾಚು ನಿಂತ ಗಡಿಯಾರಕ್ಕಿಂತ ಕೇಡು. ಗಂಟೆಯಾಗಲಿಲ್ಲವಾದ್ದರಿಂದ ಹೊತ್ತಾಗಲಿಲ್ಲವೆಂದು ನಂಬಿ ಕುಳಿತುಬಿಡುವರು.

“ಇಂತಹುದು ಆದಾಗ ಇಂತಹುದನ್ನು ಮಾಡುವೆನು” ಎಂದು ಒಂದಕ್ಕೊಂದನ್ನು ಗಂಟುಹಾಕುವ ಈ ವಿಧಾನವನ್ನು ಪೀಟರ್ ಗೋಲ್‌ವಿಟ್ಜರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರು ವಿಸ್ತಾರವಾಗಿ ಪರಿಶೋಧಿಸಿರುವರು. ೨೦೦೮ರಲ್ಲಿ ಅವರೂ ಕಾಟೆರಿನಾ ಗಾವ್ರಿಲೋವ್ ಅವರೂ ಪ್ರಕಟಿಸಿದ ಲೇಖನವೊಂದು ಎ.ಡಿ.ಎಚ್.ಡಿ. ಇರುವ ಮಕ್ಕಳನ್ನು ಕುರಿತದ್ದು. ಬರಿಯ ನಿಶ್ಚಯಕ್ಕಿಂತ ಹೀಗೆ ಗಂಟುಹಾಕಿದ ನಿಶ್ಚಯದಿಂದ ಆ ಮಕ್ಕಳು ತಮ್ಮನ್ನು ತಾವು ತಡೆದುಕೊಳ್ಳುವುದರಲ್ಲಿ ಮೇಲಾದರೆಂದು ಅದರಲ್ಲಿ ಕಂಡುಬಂದಿತು. “ನಾಳೆಯಿಂದ ಸರಿಯಾಗಿರುತ್ತೇನೆ” ಎಂಬ ಮಾತನ್ನು ನಮ್ಮ ಮಕ್ಕಳ ಬಾಯಿಂದ ನೂರು ಸಲ ಹೇಳಿಸುವುದಕ್ಕಿಂತ, “ಗಂಟೆ ತಟ್ಟಿದಾಗ ಚಪ್ಪಲಿ ಮೆಟ್ಟುತ್ತೇನೆ” ಎಂಬುದನ್ನು ಒಂದು ಸಲ ಕೈಯಿಂದ ಮಾಡಿಸುವುದು ಲೇಸು.

ಎಷ್ಟು ದಿನದಲ್ಲಿ ಇದು ರೂಢಿಯಾಗುವುದೆಂದು ತಂದೆಯು ಕೇಳಿದರು. ೨೧ ದಿನ ಸಾಕೆಂದು ಜನರು ಹೇಳುವುದುಂಟು, ಅದಕ್ಕೆ ಆಧಾರವಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಅವರ ಸಂಗಡಿಗರು ೯೬ ಮಂದಿಯನ್ನು ತೆಗೆದುಕೊಂಡು, ಹೊಸ ಅಭ್ಯಾಸವೊಂದು ಯೋಚನೆಯಿಲ್ಲದೆ ನಡೆಯುವಂತಾಗಲು ಎಷ್ಟು ದಿನ ಹಿಡಿಯುವುದೆಂದು ನೋಡಿದರು. ೨೦೧೦ರಲ್ಲಿ ಅಚ್ಚಾದ ಆ ಲೇಖನದ ಪ್ರಕಾರ ನಡುವಣ ಲೆಕ್ಕ ೬೬ ದಿನ. ಆದರೆ ೧೮ ದಿನದಿಂದ ೨೫೪ ದಿನದವರೆಗೆ ಒಬ್ಬೊಬ್ಬರಿಗೆ ಒಂದೊಂದು ಬಗೆ. ಅದೂ ಈ ತೊಂದರೆಯಿಲ್ಲದ ಸಾಮಾನ್ಯ ಜನರ ಲೆಕ್ಕ. ಇರುವವರಿಗೆ ಇನ್ನೂ ಹೆಚ್ಚು ತಾಳ್ಮೆ ಬೇಕೆಂದು ತಿಳಿಯತಕ್ಕದ್ದು. ಅವರು ಕಂಡ ಇನ್ನೊಂದು ಸಂಗತಿಯು ನಮಗೆ ಹೆಚ್ಚು ಸಮಾಧಾನವನ್ನು ಕೊಟ್ಟಿತು: ನಡುವೆ ಒಂದು ದಿನ ತಪ್ಪಿದುದರಿಂದ ಅಭ್ಯಾಸವು ಕೆಡಲಿಲ್ಲ. ಒಂದು ದಿನ ತಪ್ಪಿದರೆ “ಎಲ್ಲವೂ ಮುಗಿಯಿತು” ಎಂದು ಕೈಬಿಡುವುದೇ ಇಂತಹವರ ಸ್ವಭಾವವಾದ್ದರಿಂದ ಈ ಮಾತನ್ನು ಮನೆಯವರು ನೆನಪಿಡಬೇಕು.

ಎಲ್ಲಕ್ಕಿಂತ ಕಷ್ಟವಾದ ಏರ್ಪಾಡು ವಾಚಿನದಲ್ಲ, ತಂದೆಯದು. ವಾಚು ತಟ್ಟಿದ ಮೇಲೆ ಮನೆಯಲ್ಲಿ ಯಾರ ಬಾಯಿಯೂ ಬೀಳಬಾರದೆಂದು ವೈದ್ಯರು ಕಟ್ಟುಮಾಡಿದರು. ಗಂಟೆಗೂ ಬೈಗುಳಕ್ಕೂ ಒಂದು ಸಲ ನಂಟಾಯಿತೆಂದರೆ ಗಂಟೆಯೇ ಹೇಸಿಕೆಯಾಗುವುದು. ಮೂರು ವಾರ ಆ ಯಜಮಾನರು ಬೆಳಗಿನ ಆರು ಗಂಟೆಗೆ ಹೊರಗಿನ ಜಗಲಿಗೆ ಹೋಗಿ ಕುಳಿತಿರುವುದನ್ನು ನಾವು ನೋಡಿದೆವು. “ಒಳಗಿದ್ದರೆ ಬಾಯಿ ತಡೆಯಲಾರದು” ಎಂದು ಅವರೇ ಹೇಳಿಕೊಂಡರು.

ವಾಚಿನ ಮಿತಿಗಳನ್ನೂ ಮರೆಮಾಚದೆ ಹೇಳಬೇಕಾಗಿದೆ. ಅದು ಚಿಕಿತ್ಸೆಯಲ್ಲ. ಔಷಧದ ವಿಷಯದಲ್ಲಿ ದೊರೆತಷ್ಟು ಗಟ್ಟಿಯಾದ ಪ್ರಮಾಣಗಳು ಇಂತಹ ಸಲಕರಣೆಗಳ ವಿಷಯದಲ್ಲಿ ಇನ್ನೂ ದೊರೆತಿಲ್ಲ. ಜಾಹೀರಾತುಗಳಲ್ಲಿ ಹೇಳುವಂತೆ ಅದು ಗಮನವನ್ನು ಬೆಳೆಸಲಾರದು. ಕೆಲಸಕ್ಕೆ ಕರೆಯುವುದು, ಅಷ್ಟೇ. ವಾಚಿನ ಬೆನ್ನಿನ ಹಸಿರು ಬೆಳಕು ಚರ್ಮದ ಕೆಳಗಿನ ರಕ್ತದ ಏರಿಳಿತದಿಂದ ನಾಡಿಯನ್ನು ಎಣಿಸುವುದು; ಕೈಯ ಅಲುಗಾಟವನ್ನು ಅದಕ್ಕೆ ಸೇರಿಸಿ ನಿದ್ರೆಯ ಲೆಕ್ಕವನ್ನು ಹೇಳುವುದು. ಅದು ಅಂದಾಜೇ ಹೊರತು ವೈದ್ಯರ ಪರೀಕ್ಷೆಯಲ್ಲ. ಬೆಳಿಗ್ಗೆ ಎದ್ದು ಆ ಅಂಕಿಯನ್ನು ನೋಡಿ ಕೊರಗುವ ಅಗತ್ಯವಿಲ್ಲ. ಮಗನೋ ಮಗಳೋ ಎಲ್ಲಿರುವರೆಂದು ಕದ್ದು ನೋಡುವುದಕ್ಕೆ ಇದನ್ನು ಉಪಯೋಗಿಸುವವರೂ ಉಂಟು. ಹಾಗೆ ಮಾಡಿದರೆ ವಾಚು ಬೇಡಿಯಾಗುವುದು, ಮಕ್ಕಳು ಅದನ್ನು ಬಿಚ್ಚಿ ಎಸೆಯುವರು. ನಮ್ಮ ನಾಡಿ, ನಿದ್ರೆ, ನಡಿಗೆಗಳ ಲೆಕ್ಕವು ಕಂಪನಿಯ ಕೈಗೆ ಹೋಗಬಹುದೆಂಬುದನ್ನೂ ಅರಿತಿರಬೇಕು. ಬೇಡದ ಅಳತೆಗಳನ್ನು ಆರಿಸಿಡುವುದು ಮೇಲು. ಹಣವಿಲ್ಲದವರು ಹಿಂಜರಿಯಬೇಕಾಗಿಯೂ ಇಲ್ಲ. ಮೇಲೆ ಹೇಳಿದ ಐದು ಗಂಟೆಗಳಿಗೆ ಕಡಿಮೆ ಬೆಲೆಯ ವಾಚು ಸಾಕು. ಅಡಿಗೆಮನೆಗೆ ಕೀಲಿ ತಿರುಗಿಸುವ ಸಣ್ಣ ಟೈಮರು ಸಾಕು.

ಇಂತಹ ತೊಂದರೆಯ ಅನುಮಾನವಿರುವವರು ವಾಚಿನಂಗಡಿಗೆ ಹೋಗುವ ಮೊದಲು ವೈದ್ಯರ ಬಳಿಗೆ ಹೋಗತಕ್ಕದ್ದು. ಮರೆವೆಲ್ಲವೂ ಈ ತೊಂದರೆಯಲ್ಲ; ಔಷಧವು ಎಲ್ಲರಿಗೂ ಒಗ್ಗುವುದಲ್ಲ, ಅದನ್ನು ಕೊಡುವವರು ನಾಡಿ, ರಕ್ತದೊತ್ತಡ, ಹಸಿವುಗಳನ್ನು ನೋಡುತ್ತಿರಬೇಕು. ಬೆಂಗಳೂರಿನಲ್ಲಿ ೧೯೫೪ರಿಂದ ನಡೆದುಬಂದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿಯ ಮಾನಸಿಕ ಆಸ್ಪತ್ರೆಯೂ ೧೯೭೪ರಲ್ಲಿ ಒಂದಾಗಿ ನಿಮ್ಹಾನ್ಸ್ ಎಂಬ ಹೆಸರನ್ನು ಪಡೆದುವು; ಅಲ್ಲಿ ಮಕ್ಕಳಿಗೂ ದೊಡ್ಡವರಿಗೂ ಮನೋವೈದ್ಯರು ದೊರೆಯುವರು. ಪ್ರಯಾಣ ಮಾಡಲಾರದವರಿಗೆ ೨೦೨೨ರ ಅಕ್ಟೋಬರ್ ೧೦ರಂದು ಪ್ರಾರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ದೂರವಾಣಿಯ ಏರ್ಪಾಡುಂಟು. ೧೪೪೧೬ ಎಂಬ ಅಂಕಿಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಅದಕ್ಕೆ ಹಣವಿಲ್ಲ.

ಹೊಸ ಏರ್ಪಾಡಾಗಿ ಈಗ ಏಳು ತಿಂಗಳಾದುವು. ಈ ಏಳು ತಿಂಗಳಲ್ಲಿ ಬಸ್ಸು ತಪ್ಪಿದುದು ಐದು ಸಲ; ಮೂರನೆಯ ಪತ್ರವು ಬಂದಿಲ್ಲ. ಒಂದು ಸಲ ಒಲೆಯ ಎಣಿಕೆಯನ್ನು ಹಚ್ಚಲು ಮರೆತು ಹಾಲು ಉಕ್ಕಿತು. ಉಕ್ಕಿದುದನ್ನು ಒರಸಿದರು, ಯಾರೂ ಏನೂ ಅನ್ನಲಿಲ್ಲ. ಹುಡುಗಿಯು ಇದರಿಂದ ಬೇರೆಯೊಬ್ಬಳಾಗಿಬಿಟ್ಟಳೆಂದು ನಾವು ಹೇಳುವುದಿಲ್ಲ. ಮಾತಿನ ನಡುವೆ ಕಿಟಕಿಯ ಹೊರಗೆ ನೋಡುವ ಅಭ್ಯಾಸವು ಹೋಗಿಲ್ಲ, ಹೋಗಬೇಕೆಂದೂ ನಮಗನ್ನಿಸುವುದಿಲ್ಲ. ತಾನು ಕೆಟ್ಟವಳೆಂಬ ಎಣಿಕೆಯೊಂದು ಆಕೆಯ ಮುಖದಿಂದ ಇಳಿದುದನ್ನು ಮಾತ್ರ ಮನೆಯವರೆಲ್ಲರೂ ಕಂಡಿದ್ದಾರೆ.

ತಾಯಿಯು ವೈದ್ಯರ ಬಳಿಗೆ ಹೋಗಲು ಈವರೆಗೆ ಒಪ್ಪಿಲ್ಲ. “ಈ ವಯಸ್ಸಿನಲ್ಲಿ ನನಗೇಕೆ?” ಎನ್ನುವರು. ಆದರೆ ಕಳೆದ ತಿಂಗಳು ನಾವು ಅಲ್ಲಿಗೆ ಹೋದಾಗ ಅವರ ಕೈಯಲ್ಲಿಯೂ ಅಗ್ಗದ ವಾಚೊಂದಿದ್ದಿತು. ಮಗಳು ತನ್ನ ಸಂಬಳದಲ್ಲಿ ತಂದುಕೊಟ್ಟುದು. ಅದರಲ್ಲಿ ಒಂದೇ ಒಂದು ಗಂಟೆಯನ್ನು ಇಟ್ಟುಕೊಂಡಿದ್ದಾರೆ. ರಾತ್ರಿ ಹತ್ತಕ್ಕೆ ತಾಯಿಮಗಳಿಬ್ಬರ ಮಣಿಕಟ್ಟೂ ಒಟ್ಟಿಗೆ ನಡುಗಿತು. ಇಬ್ಬರೂ ಎದ್ದು ಅಡಿಗೆಮನೆಗೆ ಹೋದರು. ಒಬ್ಬರು ಒಲೆಯನ್ನು ಮುಟ್ಟಿ ನೋಡಿದರು, ಒಬ್ಬರು ಸಿಲಿಂಡರನ್ನು ತಿರುಗಿಸಿದರು. ದೀಪವಾರಿಸಿ ಬಂದು ಮಲಗಿದರು.